ಜಾಲತಾಣ ತೆರೆಯದಿದ್ದಾಗ: ಡಿ.ಎನ್.ಎಸ್. ದೋಷ ಸಂಕೇತಗಳು ಮತ್ತು ಅರ್ಜಿದಾರರು ಕೈಗೊಳ್ಳಬೇಕಾದ ಕ್ರಮಗಳು

ಮಹದೇವಪುರ ವ್ಯಾಪ್ತಿಯ ನಾಗರಿಕರು ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಆಸ್ತಿ ತೆರಿಗೆ, ಇ-ಖಾತಾ ಮುಂತಾದ ಸೇವೆಗಳಿಗೆ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವಾಗ, ಕೆಲವೊಮ್ಮೆ ಜಾಲತಾಣವು ತೆರೆಯದೆ ದೋಷ ಸಂದೇಶ ಮೂಡುವುದುಂಟು. ಕೊನೆಯ ದಿನಾಂಕ ಸಮೀಪಿಸಿದಾಗ ಇದರಿಂದ ಗಾಬರಿಗೊಂಡು ಮಧ್ಯವರ್ತಿಗಳಿಗೆ ಹಣ ನೀಡುವ ಅಗತ್ಯವಿಲ್ಲ. ದೋಷದ ಸಂಕೇತವನ್ನು ಅರಿತಲ್ಲಿ, ಅದನ್ನು ಸರಿಪಡಿಸಬೇಕಾದವರು ಯಾರೆಂಬುದನ್ನು ಅರ್ಜಿದಾರರೇ ತಿಳಿಯಬಹುದಾಗಿದೆ.

ಡಿ.ಎನ್.ಎಸ್. ಎಂದರೇನು?

ಜಾಲತಾಣದ ಹೆಸರನ್ನು ಅಂಕಿಗಳ ರೂಪದ ಐ.ಪಿ. ವಿಳಾಸಕ್ಕೆ ಹೊಂದಿಸಿಕೊಡುವ ವ್ಯವಸ್ಥೆಯೇ ಡೊಮೈನ್ ನೇಮ್ ಸಿಸ್ಟಂ, ಅಂದರೆ ಡಿ.ಎನ್.ಎಸ್. ಇದನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ರೂಪಿಸಿದರು. ಮೂಲ ಸಂಕೇತಗಳು 1987ರ ಆರ್.ಎಫ್.ಸಿ. 1035 ಎಂಬ ದಾಖಲೆಯಲ್ಲಿ ನಿಗದಿಯಾಗಿವೆ.

ಇದು ಕಚೇರಿಯ ವಿಚಾರಣಾ ಕೌಂಟರಿನಲ್ಲಿ ಕೊಠಡಿ ಸಂಖ್ಯೆ ಕೇಳಿದಂತೆ. ಇಲ್ಲಿ ದೋಷ ಉಂಟಾದಲ್ಲಿ ಕೋರಿಕೆಯು ಸಂಬಂಧಿಸಿದ ಶಾಖೆಯನ್ನು ತಲುಪಿಯೇ ಇರುವುದಿಲ್ಲ. ಆದ್ದರಿಂದ ಡಿ.ಎನ್.ಎಸ್. ದೋಷವು ಅರ್ಜಿಯ ತಿರಸ್ಕಾರವಲ್ಲ. ಈ ಹಿಂದೆ ಸಲ್ಲಿಸಿದ ಅರ್ಜಿಗೂ ಇದರಿಂದ ಬಾಧೆಯಿಲ್ಲ. 404 ಅಥವಾ 500 ಎಂಬ ಸಂಖ್ಯೆ ಕಂಡುಬಂದಲ್ಲಿ ಅದು ಡಿ.ಎನ್.ಎಸ್. ದೋಷವಲ್ಲ, ಅದು ಜಾಲತಾಣದ ಸರ್ವರ್‌ನಿಂದಲೇ ಬಂದ ಉತ್ತರ.

ಮುಖ್ಯ ಸಂಕೇತಗಳು

1. ಸಂಕೇತ 3, ಎನ್‌ಎಕ್ಸ್‌ಡೊಮೈನ್: ಅಂತಹ ಹೆಸರು ಇಲ್ಲ. ವಿಳಾಸದ ಅಕ್ಷರಗಳನ್ನು ಮರುಪರಿಶೀಲಿಸತಕ್ಕದ್ದು. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ಹಳೆಯ ರಸೀದಿಯಲ್ಲಿರುವ ವಿಳಾಸವನ್ನೇ ಅವಲಂಬಿಸದೆ ಪ್ರಸ್ತುತ ವಿಳಾಸವನ್ನು ಖಚಿತಪಡಿಸಿಕೊಳ್ಳುವುದು.

2. ಸಂಕೇತ 2, ಸರ್ವ್‌ಫೇಲ್: ಹೆಸರಿನ ಸರ್ವರ್‌ಗೆ ಉತ್ತರ ಪಡೆಯಲಾಗಲಿಲ್ಲ. ಮೊಬೈಲ್ ದತ್ತಾಂಶದಂತಹ ಬೇರೆ ಸಂಪರ್ಕದಲ್ಲಿ ಪ್ರಯತ್ನಿಸುವುದು. ಅಲ್ಲಿ ತೆರೆದರೆ ದೋಷವು ಮೊದಲ ಸೇವಾದಾರರ ಕಡೆಯದು; ಎಲ್ಲಿಯೂ ತೆರೆಯದಿದ್ದರೆ ಬಹುತೇಕ ಜಾಲತಾಣದ ಕಡೆಯದು.

3. ಸಂಕೇತ 5, ರೆಫ್ಯೂಸ್ಡ್: ಉತ್ತರಿಸಲು ಸರ್ವರ್ ನಿರಾಕರಿಸಿದೆ. ವೈಟ್‌ಫೀಲ್ಡ್‌ನಂತಹ ಪ್ರದೇಶದ ಕಂಪನಿಗಳ ಜಾಲದಲ್ಲಿ ಆಂತರಿಕ ನಿರ್ಬಂಧವಿದ್ದಾಗ ಹೀಗಾಗಬಹುದು. ಉದ್ಯೋಗಿಗಳು ಸ್ವಂತ ಸಂಪರ್ಕವನ್ನು ಬಳಸುವುದು.

4. ಸಂಕೇತ 1, ಫಾರ್ಮ್‌ಎರರ್: ಪ್ರಶ್ನೆಯ ನಮೂನೆ ಸರಿಯಿಲ್ಲ. ಇದು ವಿರಳ. ರೌಟರ್ ಮತ್ತು ಗಣಕಯಂತ್ರವನ್ನು ಆರಿಸಿ ಪುನಃ ಚಾಲನೆ ಮಾಡುವುದು.

ಸಂಕೇತ 0 ದೋಷವಲ್ಲ. ಪ್ರಶ್ನೆಗೆ ಕ್ರಮಬದ್ಧ ಉತ್ತರ ಬಂದಿದೆ ಎಂದರ್ಥ.

ಸಂಕೇತವನ್ನು ತಿಳಿಯುವ ವಿಧಾನ

ವಿಂಡೋಸ್ ಗಣಕಯಂತ್ರದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ಎಸ್‌ಲುಕಪ್ ಎಂಬ ಆದೇಶವನ್ನು ಆಂಗ್ಲ ಅಕ್ಷರಗಳಲ್ಲಿ ನಮೂದಿಸಿ, ಒಂದು ಸ್ಥಳ ಬಿಟ್ಟು ಜಾಲತಾಣದ ಹೆಸರನ್ನು ಬರೆದಲ್ಲಿ ಉತ್ತರ ದೊರೆಯುತ್ತದೆ. ‘ಹೆಸರು ಇಲ್ಲ’ ಎಂಬ ಉತ್ತರವನ್ನೂ ಸರ್ವರ್‌ಗಳು ಕೆಲಕಾಲ ನೆನಪಿನಲ್ಲಿ ಇರಿಸಿಕೊಳ್ಳುವುದರಿಂದ, ದೋಷ ಸರಿಯಾದ ನಂತರವೂ ಜಾಲತಾಣ ತೆರೆಯಲು ವಿಳಂಬವಾಗಬಹುದು.

ವಿಶೇಷ ಸೂಚನೆಗಳು

• ದೋಷ ಕಂಡಾಗ ಶೋಧ ಯಂತ್ರದಲ್ಲಿ ದೊರೆತ ಯಾವುದೇ ಕೊಂಡಿಯಲ್ಲಿ ಹಣ ಪಾವತಿಸಬಾರದು. ರಾಜ್ಯ ಸರ್ಕಾರದ ಅಧಿಕೃತ ಜಾಲತಾಣಗಳ ವಿಳಾಸವು ಸಾಮಾನ್ಯವಾಗಿ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ.

• ಪಾವತಿಯ ನಡುವೆ ಸಂಪರ್ಕ ಕಡಿತಗೊಂಡಲ್ಲಿ, ಬ್ಯಾಂಕ್ ಖಾತೆಯನ್ನು ಪರಿಶೀಲಿಸದೆ ಎರಡನೆಯ ಬಾರಿ ಪಾವತಿಸಬಾರದು.

• ಕೊನೆಯ ದಿನಾಂಕ ಸಮೀಪದಲ್ಲಿದ್ದರೆ ದೋಷ ಸಂದೇಶದ ಚಿತ್ರವನ್ನು ದಿನಾಂಕ, ವೇಳೆ ಸಹಿತ ಉಳಿಸಿಕೊಂಡು, ಸೇವೆಗೆ ಅನುಗುಣವಾಗಿ ನಾಡಕಚೇರಿ ಅಥವಾ ಬೆಂಗಳೂರು ಒನ್ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.