ಉಪ್ಪಲಿ ಬುರುಜಿನ ಎತ್ತರ: ಕೋಟೆಯಲ್ಲೊಂದು ಗಣಿತ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಶಾಲೆಯ ಪ್ರವಾಸದ ಜೊತೆ ಹೋಗುವ ಅವಕಾಶ ಸಿಕ್ಕರೆ ನಮ್ಮಂಥ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತೇವೆ: ಮಕ್ಕಳ ತಲೆ ಎಣಿಸುವುದು, ಫೋಟೊ ತೆಗೆಯುವುದು. ಮಕ್ಕಳು ಫಲಕದ ಮೇಲಿನ ಇಸವಿಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ಬಸ್ಸು ಹತ್ತುವಾಗ ಮರೆಯುತ್ತಾರೆ. ಹತ್ತನೇ ತರಗತಿಯ ಮಕ್ಕಳೊಂದಿಗೆ ಮುಗಳಖೋಡದಿಂದ ವಿಜಯಪುರಕ್ಕೆ ಹೊರಟಾಗ ನಾನು ಗಣಿತದ ಪಾಠಯೋಜನೆಯೊಂದನ್ನು ಜೊತೆಗಿಟ್ಟುಕೊಂಡಿದ್ದೆ. ಕಲಿಕಾಂಶ ತ್ರಿಕೋನಮಿತಿಯ ಅನ್ವಯಗಳು; ಕಲಿಕೋಪಕರಣ ಉಪ್ಪಲಿ ಬುರುಜು. ಆ ಪಾಠ ಎಲ್ಲಿ ನಡೆಯಿತು, ಎಲ್ಲಿ ಎಡವಿತು ಎಂಬುದು ಈ ಲೇಖನದ ವಿಷಯ.

ಮೊದಲು ಜಾಗದ ಬಗ್ಗೆ. ವಿಜಯಪುರದ ಕೋಟೆಗೋಡೆಯ ಸುತ್ತಳತೆ ಸುಮಾರು 10 ಕಿ.ಮೀ. ಗೋಡೆಯುದ್ದಕ್ಕೂ ಬುರುಜುಗಳು, ಹೊರಗೆ ಕಂದಕ, ಐದು ದೊಡ್ಡ ಬಾಗಿಲುಗಳು. ಉಪ್ಪಲಿ ಬುರುಜು ಮಾತ್ರ ಗೋಡೆಗೆ ಅಂಟಿಕೊಂಡಿಲ್ಲ. ಗೋಡೆಯ ಒಳಗೆ, ಎತ್ತರದ ನೆಲದ ಮೇಲೆ ಒಂಟಿಯಾಗಿ ನಿಂತಿದೆ. ಸುಮಾರು 1584ರಲ್ಲಿ ಹೈದರ್ ಖಾನ್ ಎಂಬ ಸೇನಾನಿ ಕಟ್ಟಿಸಿದ್ದು. ಎತ್ತರ ಸುಮಾರು 80 ಅಡಿ ಎಂದು ಪುಸ್ತಕಗಳು ಹೇಳುತ್ತವೆ. ಈ ಸಂಖ್ಯೆಯನ್ನು ನಾನು ಮಕ್ಕಳಿಗೆ ಬೇಕೆಂದೇ ಹೇಳಿರಲಿಲ್ಲ.

ಬುರುಜು ಕಂಡ ಕೂಡಲೇ ಒಬ್ಬ ಹುಡುಗ ಕೇಳಿದ: "ಸರ್, ಮೆಟ್ಟಲ ಹೊರಗ್ಯಾಕ ಇಟ್ಟಾರ್ರಿ? ವೈರಿ ಬಂದ್ರ ಸೀದಾ ಹತ್ತಿ ಬಿಡ್ತಾನಲ್ಲ?" ಇದು ನನ್ನ ಯೋಜನೆಯಲ್ಲಿರಲಿಲ್ಲ, ಆದರೆ ಇಡೀ ದಿನದ ಅತ್ಯುತ್ತಮ ಪ್ರಶ್ನೆ ಇದೇ. ಉತ್ತರಕ್ಕೆ ನಾನು ಫ್ರಾನ್ಸಿನವರೆಗೆ ಹೋಗಬೇಕಾಯಿತು. ಸಮಾಜ ವಿಜ್ಞಾನದಲ್ಲಿ ಮಕ್ಕಳು ಮಧ್ಯಯುಗದ ಯುರೋಪನ್ನೂ ಊಳಿಗಮಾನ್ಯ ಪದ್ಧತಿಯನ್ನೂ ಓದಿರುತ್ತಾರೆ. ಅಲ್ಲಿನ ಪ್ರಭುಗಳು ಕೋಟೆಯೊಳಗೆ 'ದೋಂಜೋಂ' ಎಂಬ ದೊಡ್ಡ ಗೋಪುರ ಕಟ್ಟಿಸುತ್ತಿದ್ದರು. ಲೋಶ್ ಎಂಬ ಊರಿನಲ್ಲಿ 11ನೇ ಶತಮಾನದ ಚೌಕ ಗೋಪುರ ಇಂದಿಗೂ ಸುಮಾರು 36 ಮೀಟರ್ ಎತ್ತರಕ್ಕೆ ನಿಂತಿದೆ. ಹೊರಗೋಡೆ ಬಿದ್ದರೂ ಪ್ರಭುವಿನ ಮನೆಮಂದಿ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಲು ಇಂಥ ಗೋಪುರ ಬೇಕಿತ್ತು. ಅದಕ್ಕೇ ಅವುಗಳ ಬಾಗಿಲು ಹೆಚ್ಚಾಗಿ ನೆಲಮಟ್ಟದಲ್ಲಿರದೆ ಒಂದು ಅಂತಸ್ತು ಮೇಲಿರುತ್ತಿತ್ತು, ಮೆಟ್ಟಿಲು ಗೋಡೆಯೊಳಗೆ ಇರುತ್ತಿತ್ತು. ಉಪ್ಪಲಿ ಬುರುಜು ಅಡಗಿಕೊಳ್ಳುವ ಮನೆಯಲ್ಲ. ದೂರ ನೋಡುವುದಕ್ಕೆ, ತೋಪು ಇಡುವುದಕ್ಕೆ ಕಟ್ಟಿದ ಕಟ್ಟೆ. ವೈರಿ ಇದರ ಬುಡಕ್ಕೆ ಬಂದಿದ್ದಾನೆಂದರೆ ಊರೇ ಅವನ ಕೈಸೇರಿದೆ ಎಂದರ್ಥ. ಹಾಗಾಗಿ ಮೆಟ್ಟಿಲು ಹೊರಗಿದ್ದರೂ ನಷ್ಟವಿಲ್ಲ. ಮದ್ದುಗುಂಡು ಸಾಗಿಸಲು ಅನುಕೂಲವೇ.

ಯುರೋಪಿನ ಗೋಪುರಗಳ ಸುರುಳಿ ಮೆಟ್ಟಿಲು ಬಲಕ್ಕೆ ತಿರುಗಿರುವುದು, ಮೇಲಿನಿಂದ ಇಳಿಯುವ ಸೈನಿಕನ ಬಲಗೈ ಕತ್ತಿಗೆ ಜಾಗ ಸಿಗಲೆಂದು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಎಡಕ್ಕೆ ತಿರುಗುವ ಮೆಟ್ಟಿಲುಗಳೂ ಸಾಕಷ್ಟಿವೆ. ಇಂಥವನ್ನು ತರಗತಿಯಲ್ಲಿ ಸತ್ಯವೆಂದು ಹೇಳದಿರುವುದು ಒಳ್ಳೆಯದು.

ಇನ್ನು ಅಳತೆ. ಪ್ರತಿ ಗುಂಪಿಗೂ ಒಂದು ಕೋನಮಾಪಕ, ದಾರ, ತೂಕಕ್ಕೆ ಒಂದು ಕಬ್ಬಿಣದ ನಟ್ಟು, ಕಣ್ಣಿಟ್ಟು ನೋಡಲು ಖಾಲಿ ಪೆನ್ನಿನ ಕೊಳವೆ. ಹಿಂದಿನ ದಿನವೇ ಶಾಲೆಯಲ್ಲಿ ಕ್ಲೈನೋಮೀಟರ್ ಮಾಡಿಕೊಂಡಿದ್ದೆವು. ಬುಡದಿಂದ 40 ಮೀಟರ್ ಅಳೆದು ನಿಂತು, ಬುರುಜಿನ ತುದಿ ನೋಡಿ ಉನ್ನತ ಕೋನ ಓದಬೇಕು. ಒಂದು ಗುಂಪಿಗೆ ಸರಿಯಾಗಿ 30 ಡಿಗ್ರಿ ಬಂತು. 40ನ್ನು ಟ್ಯಾನ್ 30ರಿಂದ ಗುಣಿಸಿದರೆ 23.1, ನೋಡುವವನ ಕಣ್ಣಿನ ಎತ್ತರ 1.3 ಸೇರಿಸಿದರೆ 24.4 ಮೀಟರ್, ಅಂದರೆ 80 ಅಡಿ. ಪುಸ್ತಕದ ಉತ್ತರವೇ! ನಾನು ಹಿಗ್ಗಿದೆ. ಪಕ್ಕದ ಗುಂಪಿನ ಉತ್ತರ 70 ಮೀಟರ್ ದಾಟಿತ್ತು. ಅವರು ದಾರ ತೋರಿಸಿದ 60ನ್ನು ಹಾಗೇ ಬರೆದುಕೊಂಡಿದ್ದರು. 90ರಿಂದ ಕಳೆಯುವುದನ್ನು ಮರೆತಿದ್ದರು. "ಹಾಗಾದ್ರ ಇದು ಗೋಳಗುಮ್ಮಟಕ್ಕಿಂತ ಎತ್ತರ ಆತಲ್ಲೋ" ಎಂದು ಇನ್ನೊಬ್ಬ ನಕ್ಕ. ತಪ್ಪು ಅಲ್ಲೇ ಸಿಕ್ಕಿಬಿತ್ತು, ನಾನು ಬಾಯಿ ತೆರೆಯುವ ಮೊದಲೇ.

ನಾನು ಎಡವಿದ್ದು ಇದಾದ ಮೇಲೆ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, "ಸರ್, ಮೆಟ್ಟಲ ಎಣಿಸಿ, ಒಂದರ ಎತ್ತರ ಅಳದ್ರ ಆಗೂದಿಲ್ಲೇನ್ರಿ?" ಎಂದಳು. "ಇವತ್ತು ತ್ರಿಕೋನಮಿತಿ ಮಾಡೋಣಮ್ಮ" ಎಂದು ಅವಳನ್ನು ಕೂರಿಸಿಬಿಟ್ಟೆ. ಅವಳು ಆಮೇಲೆ ಏನೂ ಕೇಳಲಿಲ್ಲ. ಜೊತೆಗಿದ್ದ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "ಅವಳ ವಿಧಾನದಲ್ಲಿ ತಪ್ಪೇನಿತ್ತು?" ಅದನ್ನು ಓದಿದಾಗ ಊಟದ ಹೊತ್ತು. ತಪ್ಪೇನೂ ಇರಲಿಲ್ಲ. ಯೋಜನೆಯಲ್ಲಿ ಬರೆಯದ ದಾರಿ ಎಂಬುದಷ್ಟೇ ನನ್ನ ತಕರಾರು.

ಊಟ ಮುಗಿಸಿ ಅವಳನ್ನೇ ಮುಂದೆ ಮಾಡಿ ಮೆಟ್ಟಿಲು ಎಣಿಸಿದೆವು. ತುಳಿದು ತುಳಿದು ಸವೆದ ಕಲ್ಲುಗಳು, ಎರಡರ ಎತ್ತರ ಒಂದೇ ಇಲ್ಲ. ಎಷ್ಟು ಮೆಟ್ಟಿಲು ಅಳೆದು ಸರಾಸರಿ ತೆಗೆಯಬೇಕು ಎಂಬ ಚರ್ಚೆ ಅವರಲ್ಲೇ ಶುರುವಾಯಿತು. ಕೊನೆಗೆ ಹತ್ತು ಎಂದಾಯಿತು. ಬಂದ ಉತ್ತರ ಕೋನದ ಉತ್ತರಕ್ಕಿಂತ ಕಡಿಮೆ. ಯಾಕೆ ಎಂದು ಮೇಲೆ ನಿಂತೇ ಹುಡುಕಿದರು: ಮೆಟ್ಟಿಲು ಮುಗಿಯುವುದು ಕಟ್ಟೆಯ ನೆಲಕ್ಕೆ, ನಾವು ಕೆಳಗಿನಿಂದ ಗುರಿ ಹಿಡಿದದ್ದು ಅದರ ಸುತ್ತಲಿನ ಗೋಡೆಯ ತುದಿಗೆ.

ಎರಡು ಉತ್ತರಗಳಿದ್ದುದರಿಂದಲೇ ದೋಷದ ಮಾತು ಸಹಜವಾಗಿ ಬಂತು. 40 ಮೀಟರ್ ದೂರದಲ್ಲಿ ಒಂದು ಡಿಗ್ರಿ ತಪ್ಪಿದರೆ ಎತ್ತರದಲ್ಲಿ ಸುಮಾರು 93 ಸೆಂ.ಮೀ. ತಪ್ಪುತ್ತದೆ. 10 ಮೀಟರಿಗೆ ಬಂದು ನಿಂತರೆ 110 ಸೆಂ.ಮೀ. ದಾಟುತ್ತದೆ. ಕೋನ 45 ಡಿಗ್ರಿ ಬರುವಲ್ಲಿ, ಅಂದರೆ ಸುಮಾರು 23 ಮೀಟರ್ ದೂರದಲ್ಲಿ, ತಪ್ಪು ಅತಿ ಕಡಿಮೆ, ಸುಮಾರು 81 ಸೆಂ.ಮೀ. ನಮ್ಮ ಕ್ಲೈನೋಮೀಟರಿನಲ್ಲಿ ಒಂದೆರಡು ಡಿಗ್ರಿ ಆಚೀಚೆ ಆಗುವುದು ಖಚಿತ. ಹಾಗಾದರೆ ಮೊದಲ ಗುಂಪಿನ 24.4ರಲ್ಲಿ ಅದೃಷ್ಟದ ಪಾಲೂ ಇದೆ. ಹಿಗ್ಗಿದ್ದಕ್ಕೆ ನನಗೇ ನಾಚಿಕೆಯಾಯಿತು.

ಭೌತಶಾಸ್ತ್ರದವರಿಗೂ ಇಲ್ಲಿ ಕೆಲಸವಿದೆ. ಬುರುಜಿನ ಮೇಲಿರುವ ಉದ್ದನೆಯ ತೋಪು 'ಲಂಬಚರಿ' 30 ಅಡಿಗಿಂತ ಉದ್ದ. ಅದು ಎರಕ ಹೊಯ್ದದ್ದಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಅವುಗಳ ಮೇಲೆ ಕಬ್ಬಿಣದ ಬಳೆಗಳನ್ನು ಒಂದರ ಪಕ್ಕ ಒಂದು ಕೂರಿಸಿ ಮಾಡಿದ್ದು. ಕಂಬಾರರು ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸುವುದನ್ನು ನೋಡಿದ ಮಗುವಿಗೆ ಉಷ್ಣ ವಿಕಾಸ ಬೇರೆ ಹೇಳಬೇಕಾಗಿಲ್ಲ. ಕಾದಾಗ ಹಿಗ್ಗಿದ ಬಳೆ ಆರಿದಾಗ ಬಿಗಿಯುತ್ತದೆ. ಹತ್ತಿರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಇದಕ್ಕೆ ವಿರುದ್ಧ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಕಂಚಿನ ತೋಪು. ಬಿಸಿಲಲ್ಲೂ ಅದು ತಣ್ಣಗಿರುತ್ತದೆ ಎಂದು ಅಲ್ಲಿ ಹೇಳುತ್ತಾರೆ. ಪವಾಡವೇನಿಲ್ಲ, ಲೆಕ್ಕವಿದೆ: ಅಷ್ಟು ಲೋಹವನ್ನು ಒಂದು ಡಿಗ್ರಿ ಬಿಸಿ ಮಾಡಲು, 5 ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಉಷ್ಣ ಬೇಕು. ಬೇಸಿಗೆಯಲ್ಲಿ ನಮ್ಮ ಓಣಿಗೆ ಬರುವ ಒಂದು ಟ್ಯಾಂಕರ್ ಎಂದಾಗ ಎಲ್ಲರಿಗೂ ಹೊಳೆಯಿತು. ಮುಂದಿನ ವರ್ಷ ಹೋಗುವವರು ತಾಪಮಾಪಕ ಒಯ್ಯಿರಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಪಕ್ಕದ ಕಲ್ಲಿನ ಜೊತೆ ಹೋಲಿಸಿದರೆ ಆ ಮಾತು ಎಷ್ಟು ನಿಜವೆಂದು ಮಕ್ಕಳೇ ಹೇಳುತ್ತಾರೆ.

ಮೆಟ್ಟಿಲ ಮೇಲೆ ಒಂದು ಸಲಕ್ಕೆ ಒಂದೇ ಗುಂಪು ಹತ್ತಲಿ, ಶಿಕ್ಷಕರೊಬ್ಬರು ಹೊರ ಅಂಚಿನ ಕಡೆ ಇರಲಿ.

ಮರಳಿ ಬಂದ ವಾರ, ಮೆಟ್ಟಿಲಿನ ಬಗ್ಗೆ ಮೊದಲು ಕೇಳಿದ ಹುಡುಗ ಅಜ್ಜಿಯ ಊರಿನಲ್ಲಿರುವ ಹಳೆಯ ಹುಡೇವನ್ನು ಅಳೆದುಕೊಂಡು ಬಂದ. ಕೋನಮಾಪಕ ಒಯ್ದಿರಲಿಲ್ಲವಂತೆ. ಒಂದು ಮೀಟರಿನ ಕೋಲು ನೆಟ್ಟು, ಎರಡರ ನೆರಳೂ ಅಳೆದು, ಸಮರೂಪ ತ್ರಿಭುಜದಿಂದ ಒಂಬತ್ತು ಮೀಟರ್ ಎಂದು ತೆಗೆದಿದ್ದ. ನೋಟ್‌ಬುಕ್ ನನ್ನ ಕೈಗಿಟ್ಟು, "ಸರ್, ಅದರ ಬಾಗಲಾ ನೆಲದಾಗ ಇಲ್ರಿ. ನನ್ನ ತೆಲಿಗಿಂತ ಮ್ಯಾಲ ಐತಿ, ನಿಚ್ಚಣಿಕಿ ಇಲ್ಲದ ಹತ್ತಾಕ ಬರೂದಿಲ್ಲ" ಎಂದ.