ಬದುವಿನ ಜಗಳಕ್ಕೆ ಆಕಾಶದ ಸಾಕ್ಷಿ

ದಾವಣಗೆರೆ: ಗದ್ದೆಯ ಬದುವಿನ ಮೇಲೆ ಮೂರು ಜನ. ಒಂದು ಕಡೆ ಅಣ್ಣ, ಇನ್ನೊಂದು ಕಡೆ ತಮ್ಮ, ನಡುವೆ ಸರ್ವೆಯರು. ಸರ್ವೆಯರ ಕೈಯಲ್ಲಿ ಆಳೆತ್ತರದ ಕೋಲು. ಕೋಲಿನ ತುದಿಗೆ ಬೋಗುಣಿ ಬೋರಲು ಹಾಕಿದಂಥ ಯಂತ್ರ. ಎದೆಮಟ್ಟಕ್ಕೆ ಸಿಕ್ಕಿಸಿದ ಒಂದು ಕೈಗಂಪ್ಯೂಟರು.

"ಸರಪಣಿ ಎಲ್ಲೈತ್ರಿ ಸಾಹೇಬ್ರೇ?" ಎಂದು ಅಣ್ಣ ಕೇಳಿದರೆ ಸರ್ವೆಯರು ಬೆರಳನ್ನು ಮುಗಿಲ ಕಡೆಗೆ ತೋರಿಸಿದರು. "ಮ್ಯಾಲೈತಿ ಯಜಮಾನ್ರೇ."

ಹರಿಹರ ತಾಲ್ಲೂಕಿನ ಭದ್ರಾ ಕಾಲುವೆ ಕೆಳಗಿನ ಗದ್ದೆಗಳಲ್ಲಾಗಲಿ, ದಾವಣಗೆರೆ ಬೈಪಾಸಿನ ಅಕ್ಕಪಕ್ಕ ಸೈಟಾಗಲು ಕಾದು ಕುಳಿತ ಹೊಲಗಳಲ್ಲಾಗಲಿ ಈಗ ಈ ನೋಟ ಅಪರೂಪವಲ್ಲ. ಯಂತ್ರದ ಹೆಸರು ರೋವರ್. ಬಿಡಿಸಿ ಹೇಳಿದರೆ ಒಂದು ಜಿಪಿಎಸ್ ರಿಸೀವರು, ಅದಕ್ಕೆ ಗಂಟುಹಾಕಿದ ಒಂದು ಕೈಗಂಪ್ಯೂಟರು, ಅಷ್ಟೇ. ಮೊದಲು ಇವೆರಡರ ನಡುವೆ ವೈರು ಇರುತ್ತಿತ್ತು. ಈಗ ಬ್ಲೂಟೂತ್.

ಕೆಲಸ ಹೇಗೆಂದರೆ, ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸದಾ ತಮ್ಮ ಗಡಿಯಾರದ ಹೊತ್ತು ಸಾರುತ್ತಿರುತ್ತವೆ. ಆ ಸುದ್ದಿ ಕೆಳಗೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತೆಂದು ರಿಸೀವರು ಲೆಕ್ಕಹಾಕಿ ದೂರ ಕಂಡುಕೊಳ್ಳುತ್ತದೆ. ಕಡಿಮೆಯೆಂದರೆ ನಾಲ್ಕು ಉಪಗ್ರಹ ಕಾಣಬೇಕು. ಲೆಕ್ಕ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ನೆಲದ ಮೇಲೆ 300 ಮೀಟರ್ ತಪ್ಪು. ಕಂಪ್ಯೂಟರಿನ ಕೆಲಸ ಆ ಅಂಕಿಗಳನ್ನು ನಕ್ಷೆಯ ಮೇಲೆ ಚುಕ್ಕಿಯಾಗಿಸುವುದು.

2000ದ ಮೇ ತಿಂಗಳ ತನಕ ಅಮೆರಿಕ ಸರ್ಕಾರ ಜನಸಾಮಾನ್ಯರ ಪಾಲಿನ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ನೂರು ಮೀಟರ್ ಆಚೀಚೆ ಆಗುತ್ತಿದ್ದ ಕಾಲ ಅದು. ಬದು ಬಿಡಿ, ಊರೇ ತಪ್ಪೀತು. 2001ರಲ್ಲಿ ನಮ್ಮ ಬೆಂಗಳೂರಿನವರೇ ಸಿಂಪ್ಯೂಟರ್ ಎಂಬ ಕೈಗಂಪ್ಯೂಟರು ಹೊರತಂದರು. ಬಡವನಿಗೂ ಎಟುಕಬೇಕು, ಹತ್ತು ಸಾವಿರದ ಆಸುಪಾಸು ಸಿಗಬೇಕೆಂಬ ಆಸೆ. ಎಣಿಸಿದಷ್ಟು ಮಾರಾಟವಾಗಲಿಲ್ಲ. ಆಮೇಲೆ ಎಲ್ಲರ ಜೇಬಿಗೂ ಮೊಬೈಲು ಬಂತು, ಅದರೊಳಗೇ ಜಿಪಿಎಸ್ ಬಂತು.

ಬಂದಿದ್ದೇ ಹೊಸ ತಲೆನೋವು. ಮೊಬೈಲಿನಲ್ಲಿ ಹೊಲ ಸುತ್ತಿ "ನಂದು ಎಂಟು ಗುಂಟೆ ಒತ್ತುವರಿ ಆಗೇತಿ" ಎಂದು ಪಂಚಾಯ್ತಿ ಕಟ್ಟೆ ಹತ್ತುವವರು ಹೆಚ್ಚಾದರು. ಮೊಬೈಲಿನ ಲೆಕ್ಕ ಬಯಲಲ್ಲೂ ಹತ್ತು ಹದಿನೈದು ಅಡಿ ಹೊಯ್ದಾಡುತ್ತದೆ ಎಂಬುದು ಇವರಿಗೆ ಯಾರೂ ಹೇಳಿಲ್ಲ. ಅಂಕಿ ಹಾಕುವಾಗಲೂ ಎಡವಟ್ಟು. ಹರಿಹರ ಇರುವುದು ಹೆಚ್ಚುಕಡಿಮೆ 14 ಡಿಗ್ರಿ 30 ಮಿನಿಟು ಉತ್ತರಕ್ಕೆ. ಡಿಗ್ರಿಯ ಲೆಕ್ಕದಲ್ಲೇ ಬರೆದರೆ ಅದು 14.5. ಗೊತ್ತಿಲ್ಲದವರು 14.30 ಎಂದು ಒತ್ತಿದರೆ ಯಂತ್ರ ಇಪ್ಪತ್ತೆರಡು ಕಿಲೋಮೀಟರ್ ದಕ್ಷಿಣಕ್ಕೆ, ಹೊನ್ನಾಳಿ ಸೀಮೆಯ ಕಡೆಗೆ ಕರೆದೊಯ್ಯುತ್ತದೆ. ಹಳೆಯ ಸರ್ವೆ ನಕ್ಷೆಗಳು 1830ರ ಎವರೆಸ್ಟ್ ಲೆಕ್ಕದವು, ಜಿಪಿಎಸ್‌ನದು ಬೇರೆಯೇ ಲೆಕ್ಕ. ಎರಡನ್ನೂ ಹೊಂದಿಸದೆ ಬೆರೆಸಿದರೆ ನೂರಾರು ಅಡಿ ವ್ಯತ್ಯಾಸ.

ರೋವರ್ ಹಾಗಲ್ಲ. ಅಲ್ಲಲ್ಲಿ ಕಾಯಂ ನೆಟ್ಟ ಸ್ಟೇಷನ್ನುಗಳಿಂದ ಮೊಬೈಲ್ ನೆಟ್‌ವರ್ಕಿನ ಮೂಲಕ ಅದಕ್ಕೆ ತಿದ್ದುಪಡಿ ಬರುತ್ತದೆ. ಹಾಗಾಗಿ ಎರಡು ಮೂರು ಸೆಂಟಿಮೀಟರಿಗೆ ಹಿಡಿದು ನಿಲ್ಲಿಸುತ್ತದೆ. ನೆಟ್‌ವರ್ಕ್ ಹೋದರೆ ಮಾತ್ರ ಸರ್ವೆಯರು ಬೀಡಿ ಸೇದುತ್ತ ಕೂರಬೇಕು. ಅಡಿಕೆ ತೋಟದೊಳಗೆ ಹೊಕ್ಕರಂತೂ ಮುಗಿಲೇ ಕಾಣದು.

ಈಗ ಅಣ್ಣತಮ್ಮಂದಿರ ವಿಚಾರಕ್ಕೆ ಬರೋಣ. ಹಳೇ ಟಿಪ್ಪಣಿಯಲ್ಲಿ ಅಳತೆ ಇರುವುದು ಸರಪಣಿ, ಆಣೆಗಳಲ್ಲಿ. 33 ಅಡಿಗೆ ಒಂದು ಸರಪಣಿ, ಸರಪಣಿಗೆ 16 ಆಣೆ. ಅಂದರೆ ಆಣೆಯೊಂದಕ್ಕೆ ಎರಡಡಿ ಚಿಲ್ಲರೆ. ಬರೆದವರು ಅದಕ್ಕಿಂತ ಸಣ್ಣದು ಬರೆದಿಲ್ಲ. ಯಂತ್ರಕ್ಕೆ ಬೆರಳಗಲ ಗೊತ್ತು, ಕಾಗದಕ್ಕೆ ಮೊಳವೂ ಗೊತ್ತಿಲ್ಲ! ಈ ಗದ್ದೆಯ ಬದು 20 ಸರಪಣಿ ಉದ್ದ, 660 ಅಡಿ. ಉದ್ದಕ್ಕೂ ಎರಡಡಿ ಸರಿದರೆ 1,320 ಚದರಡಿ. ಗುಂಟೆಗೆ 1,089 ಚದರಡಿ. ಗುಂಟೆ ಮೇಲೆ ಹೋಯಿತಲ್ಲ, ಯಾರು ಬಿಡುತ್ತಾರೆ?

ಸರ್ವೆಯರು ಉಳಿದಿದ್ದ ಮೂರು ಬಾಂದುಕಲ್ಲು ಹುಡುಕಿ ಒಂದೊಂದರ ಮೇಲೂ ಕೋಲು ನಿಲ್ಲಿಸಿದರು. ಟಿಪ್ಪಣಿಯ ಗೆರೆಗಳನ್ನು ಆ ಮೂರು ಚುಕ್ಕಿಗೆ ಕೂಡಿಸಿದರು. ನಾಲ್ಕನೆಯ ಮೂಲೆ ಎಲ್ಲಿ ಬರಬೇಕೆಂದು ಕಂಪ್ಯೂಟರು ತೋರಿಸಿತು. ಬಾಣದ ಗುರುತು ನೋಡುತ್ತ ಅವರು ಕೆಸರಲ್ಲಿ ನಡೆದರು. ಹತ್ತಡಿ, ಐದಡಿ, ಒಂದಡಿ. ಗೂಟ ಹೊಡೆದದ್ದು ತಮ್ಮನ ಭತ್ತದೊಳಗೆ.

"ಇಲ್ಲಿ ಕಲ್ಲು ಯಾವತ್ತೂ ಇರ್ಲಿಲ್ರೀ. ಹುಣಸೆಮರದ ಬುಡಕ್ಕಿತ್ತು ಅಂತ ನಮ್ಮವ್ವ ಹೇಳ್ತಿದ್ಲು" ಎಂದು ತಮ್ಮ ದನಿ ಏರಿಸಿದ.

"ಹುಣಸೆಮರ ಕಡಿದು ಮಾರ್ದೋನು ಯಾರಲೇ?" ಅಂತ ಅಣ್ಣ.

ಸರ್ವೆಯರು ಇಬ್ಬರನ್ನೂ ಸುಮ್ಮನಿರಿಸಿ ಗುದ್ದಲಿ ತರಿಸಿದರು. ಗೂಟದ ಬುಡ ಅಗೆದರೆ ಮಣ್ಣೇ ಮಣ್ಣು. ಬದುವಿನ ಕಡೆ ಸರಿದು ಎರಡಡಿ ದೂರದಲ್ಲಿ ಅಗೆದಾಗ ಗುದ್ದಲಿ ಟಣ್ ಎಂದಿತು. ಹೂತುಹೋದ ಹಳೇ ಕಲ್ಲು, ಸುತ್ತ ಹುಣಸೆಯ ಕೊಳೆತ ಬೇರು. ಸರಿಯಾಗಿ ಒಂದು ಆಣೆಯಷ್ಟು ವ್ಯತ್ಯಾಸ.

"ಯಂತ್ರ ಸುಳ್ಳು ಹೇಳ್ತೇನ್ರೀ ಹಂಗಾದ್ರೆ?" ಎಂದ ಅಣ್ಣನಿಗೆ ಸರ್ವೆಯರ ಉತ್ತರ: "ಯಂತ್ರ ಸರಿ ಐತಿ ಯಜಮಾನ್ರೇ, ಕಾಗದದ ಆಣೆ ದಪ್ಪ ಐತಿ. ನೆಟ್ಟ ಕಲ್ಲು ಸಿಕ್ಕ ಮ್ಯಾಲೆ ನಾನು ಕಲ್ಲನ್ನೇ ಬರ್ಕೊಳ್ಳೋದು."

ಕಲ್ಲಿನ ಮೇಲೆ ಕೋಲು ನಿಲ್ಲಿಸಿ ಅದರ ಅಂಕಿಯನ್ನೂ ಹಿಡಿದಿಟ್ಟರು. ಇನ್ನು ಯಾರು ಹೂತರೂ ಜಾಗ ತಪ್ಪುವ ಹಾಗಿಲ್ಲ. ಭತ್ತ ಕೊಯ್ಯುವ ತನಕ ಬದು ಇದ್ದಲ್ಲೇ ಇರಲಿ ಎಂದು ಅಣ್ಣತಮ್ಮಂದಿರು ಒಪ್ಪಿ ಹೆಬ್ಬೆಟ್ಟು ಸಹಿ ಮುಗಿಸಿದರು. ಕಲ್ಲಿಗೆ ಬಳಿಯಲು ಅತ್ತಿಗೆ ಮನೆಯಿಂದ ಸುಣ್ಣದ ಡಬ್ಬಿ ತಂದಳು.