ಹಾಲಿನ ಕಲಬೆರಕೆಗೆ ಬೆಳಕಿನ ಪರೀಕ್ಷೆ



ಹಾಲಿನ ಸಂಘವಿರುವ ಊರುಗಳಲ್ಲಿ ಒಂದು ಜಗಳ ಆಗಾಗ ಕೇಳಿಬರುತ್ತದೆ. “ಹಾಲಿಗೆ ನೀರು ಬೆರೆಸಿದ್ದೀರಿ” ಎಂದು ಅಳೆಯುವವರು, “ನಮ್ಮ ಹಸುವಿನ ಹಾಲೇ ಹೀಗೆ” ಎಂದು ಹಾಕುವವರು. ಕಳೆದ ವರ್ಷ ಒಂದು ಹಳ್ಳಿಯಲ್ಲಿ ತಾಯಿಯೊಬ್ಬರ ಹಾಲಿಗೆ ಡಿಗ್ರಿ ಕಡಿಮೆ ಬಂತೆಂದು ಎಲ್ಲರೆದುರಿಗೆ ಹಿಂದಕ್ಕೆ ಕಳುಹಿಸಿದರು. ಕರೆದ ಬಿಸಿ ಆರುವ ಮೊದಲೇ, ನೊರೆಯ ಸಮೇತ ಅದನ್ನು ಅಳೆದಿದ್ದರು. ತಣ್ಣಗಾದ ಮೇಲೆ ನಾವು ಅದೇ ಹಾಲನ್ನು ಮತ್ತೆ ಅಳೆದಾಗ ಡಿಗ್ರಿ ಸರಿಯಾಗಿಯೇ ಬಂತು. ಹಾಲು ಉಳಿಯಿತು, ಹೋದ ಮಾನ ಮಾತ್ರ ಅದೇ ದಿನ ಮರಳಿ ಬರಲಿಲ್ಲ. ಆದ್ದರಿಂದ ಹಾಲಿನ ಪರೀಕ್ಷೆ ಹೇಗೆ ನಡೆಯುತ್ತದೆಂಬುದನ್ನು ನಾವೆಲ್ಲರೂ ತಿಳಿದಿರುವುದು ಒಳ್ಳೆಯದು.

ಲ್ಯಾಕ್ಟೋಮೀಟರಿನ ಮಿತಿ

ಹಾಲಿನ ನೂರು ಭಾಗದಲ್ಲಿ ಸುಮಾರು 87 ಭಾಗ ನೀರೇ ಇರುತ್ತದೆ. ಉಳಿದದ್ದು ಕೊಬ್ಬು, ಸಸಾರಜನಕ, ಹಾಲಿನ ಸಕ್ಕರೆ ಮತ್ತು ಲವಣ. ಲ್ಯಾಕ್ಟೋಮೀಟರು ಹಾಲು ಎಷ್ಟು ಭಾರವಾಗಿದೆ ಎಂಬುದನ್ನು ಮಾತ್ರ ಹೇಳುತ್ತದೆ. ನೀರು ಬೆರೆಸಿದರೆ ಹಾಲು ಹಗುರವಾಗುತ್ತದೆ, ಕೆನೆ ತೆಗೆದರೆ ಭಾರವಾಗುತ್ತದೆ. ಎರಡನ್ನೂ ಮಾಡಿದರೆ ಡಿಗ್ರಿ ಸರಿಹೋಗುತ್ತದೆ! ನೀರು ಬೆರೆಸಿ ಸಕ್ಕರೆ, ಉಪ್ಪು ಅಥವಾ ಯೂರಿಯಾ ಹಾಕಿದರೂ ಡಿಗ್ರಿ ಏರುತ್ತದೆ. ಹೀಗೆ ಈ ಸಾಧನದಿಂದ ಮೋಸಗಾರನು ತಪ್ಪಿಸಿಕೊಳ್ಳಬಹುದು, ಪ್ರಾಮಾಣಿಕನು ಸಿಕ್ಕಿಬೀಳಬಹುದು.

ಬೆಳಕು ಹೇಗೆ ಗುರುತು ಹಿಡಿಯುತ್ತದೆ?

ಕೆಂಡದ ಮುಂದೆ ಕುಳಿತರೆ ಮೈಗೆ ತಾಗುವ ಶಾಖವೂ ಒಂದು ಬಗೆಯ ಬೆಳಕೇ. ಅದು ಕಣ್ಣಿಗೆ ಕಾಣುವುದಿಲ್ಲ. ಇದಕ್ಕೆ ಅವಕೆಂಪು ಕಿರಣವೆಂದು ಹೆಸರು. ಇದನ್ನು 1800ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದನು. ಈ ಕಿರಣದ ಅಲೆಗಳಲ್ಲಿ ಉದ್ದ, ಗಿಡ್ಡ ಎಂಬ ಭೇದವುಂಟು. ಹಾಲಿನ ತೆಳುವಾದ ಪದರದ ಮೂಲಕ ಈ ಕಿರಣವನ್ನು ಹಾಯಿಸಿದರೆ ಒಂದೊಂದು ಪದಾರ್ಥವೂ ತನಗೆ ಒಗ್ಗುವ ಅಲೆಗಳನ್ನು ಹೀರಿಕೊಳ್ಳುತ್ತದೆ. ಕೊಬ್ಬು ಸುಮಾರು 5.7 ಮೈಕ್ರಾನ್ ಉದ್ದದ ಅಲೆಯನ್ನು, ಸಸಾರಜನಕ 6.5ರದನ್ನು, ಹಾಲಿನ ಸಕ್ಕರೆ 9.6ರದನ್ನು ಹೀರುತ್ತದೆ. (ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್.) ಮುಸ್ಸಂಜೆಯಲ್ಲಿ ಮಂದೆ ಬರುವಾಗ ದನ ಕಾಣದಿದ್ದರೂ ಕೊರಳ ಗಂಟೆಯ ಸದ್ದಿನಿಂದ ಇದು ನಮ್ಮದು, ಇದು ನೆರೆಯವರದು ಎನ್ನುತ್ತೇವಲ್ಲವೇ? ಇದೂ ಹಾಗೆಯೇ. ಯಾವ ಅಲೆ ಎಷ್ಟು ಕಡಿಮೆಯಾಯಿತೆಂದು ನೋಡಿ ಯಂತ್ರವು ಯಾವುದು ಎಷ್ಟಿದೆಯೆಂದು ಲೆಕ್ಕ ಹಾಕುತ್ತದೆ. ಯೂರಿಯಾ, ಸಕ್ಕರೆಗಳಿಗೂ ತಮ್ಮದೇ ಗುರುತುಗಳಿವೆ. ಈ ವಿಧಾನಕ್ಕೆ ರೋಹಿತ ಪರೀಕ್ಷೆ ಎಂದು ಹೆಸರು. ಹಾಲಿಗೆ ಇದನ್ನು ಬಳಸುವ ಯಂತ್ರವನ್ನು 1960ರ ದಶಕದಲ್ಲಿ ಇಂಗ್ಲೆಂಡಿನ ಗೌಲ್ಡನ್ ಎಂಬ ವಿಜ್ಞಾನಿ ರೂಪಿಸಿದರು.

ಚೀನಾದ ಪಾಠ

2008ರಲ್ಲಿ ಚೀನಾ ದೇಶದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕವನ್ನು ಹಾಕಿದ್ದು ಬಯಲಾಯಿತು. ಅಲ್ಲಿ ಸಾರಜನಕವನ್ನು ಅಳೆದು ಅದರಿಂದ ಸಸಾರಜನಕವನ್ನು ಲೆಕ್ಕ ಹಾಕುತ್ತಿದ್ದರು. ಮೆಲಮೈನಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ ಆದ್ದರಿಂದ ನೀರು ಹಾಲೂ ಒಳ್ಳೆಯ ಹಾಲೆನಿಸಿಕೊಂಡಿತು. ಆ ಹಾಲಿನ ಪುಡಿಯನ್ನು ಕುಡಿದು ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. 6 ಹಸುಗೂಸುಗಳು ತೀರಿಕೊಂಡವು. ಆ ಬಳಿಕ ಪದಾರ್ಥವನ್ನೇ ಗುರುತಿಸುವ ಬೆಳಕಿನ ಪರೀಕ್ಷೆಗೆ ಹೆಚ್ಚಿನ ಗಮನ ಬಂತು.

ಯಂತ್ರಕ್ಕೂ ಮಿತಿಯುಂಟು

ಅವಕೆಂಪು ಯಂತ್ರಗಳು ದುಬಾರಿಯಾದ್ದರಿಂದ ಹೆಚ್ಚಾಗಿ ದೊಡ್ಡ ಡೇರಿಗಳ ಪ್ರಯೋಗಶಾಲೆಗಳಲ್ಲಿವೆ. ಹಳ್ಳಿಯ ಸಂಘಗಳಲ್ಲಿ ಸಾಮಾನ್ಯವಾಗಿರುವ ಸಣ್ಣ ಯಂತ್ರವು ಶಬ್ದದ ಅಲೆಗಳಿಂದ ಫ್ಯಾಟು, ಘನಾಂಶಗಳನ್ನು ಅಳೆಯುವಂಥದ್ದು; ಯೂರಿಯಾವನ್ನು ಹೆಸರು ಹಿಡಿದು ಹೇಳುವುದು ಅದರ ಕೆಲಸವಲ್ಲ. ಯಾವ ಯಂತ್ರವೇ ಆಗಲಿ, ಗೊತ್ತಿರುವ ಹಾಲಿನ ಮಾದರಿಯಿಟ್ಟು ಆಗಾಗ ಸರಿ ನೋಡದಿದ್ದರೆ ತಪ್ಪು ಹೇಳುತ್ತದೆ. ಯೂರಿಯಾ ಹಾಲಿನಲ್ಲಿ ಸಹಜವಾಗಿಯೂ ಸ್ವಲ್ಪ ಇರುತ್ತದೆ. ಆದ್ದರಿಂದ ಯಂತ್ರ ಅನುಮಾನ ತೋರಿಸಿದರೆ ಪ್ರಯೋಗಶಾಲೆಯಲ್ಲಿ ರಾಸಾಯನಿಕ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳಬೇಕು.

ಇನ್ನೊಂದು ಮಾತು. 2018ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ದೇಶದಾದ್ಯಂತ 6,432 ಮಾದರಿಗಳನ್ನು ಪರೀಕ್ಷಿಸಿದಾಗ ಹಾನಿಕರ ಕಲಬೆರಕೆ ಕಂಡುಬಂದದ್ದು 12ರಲ್ಲಿ. ಆದರೆ ಕೊಬ್ಬು, ಘನಾಂಶ ಸಾಲದ ಮಾದರಿಗಳು ಬಹಳವಿದ್ದವು. ಘನಾಂಶ ಕಡಿಮೆಯಾದರೆ ನೀರೇ ಕಾರಣವೆನ್ನುವಂತಿಲ್ಲ. ಮೇವು ಸಾಲದ ಹಸು, ಕೆಚ್ಚಲು ಬಾವಿನ ಹಸು ಕೊಡುವ ಹಾಲಿನಲ್ಲಿಯೂ ಅದು ಕಡಿಮೆಯಾಗುತ್ತದೆ.

ನಾವು ಮಾಡಬೇಕಾದದ್ದು

1. ಹಾಲನ್ನು ಚೆನ್ನಾಗಿ ಕಲಕಿದ ಮೇಲೆಯೇ ಮಾದರಿ ತೆಗೆಯಲು ಹೇಳಿರಿ. ಮೇಲಿನ ಕೆನೆಯಾಗಲಿ ಅಡಿಯ ಹಾಲಾಗಲಿ ಸರಿಯಾದ ಲೆಕ್ಕ ಕೊಡದು.
2. ಬಿಸಿ ಆರಿ, ನೊರೆ ಇಳಿದ ಮೇಲೆ ಲ್ಯಾಕ್ಟೋಮೀಟರು ಹಾಕಿಸಿರಿ.
3. ಫ್ಯಾಟು, ಘನಾಂಶ ನಮೂದಿಸಿದ ಚೀಟಿಯನ್ನು ಪ್ರತಿದಿನ ಪಡೆದು ಇಟ್ಟುಕೊಳ್ಳಿರಿ. ದಿಢೀರನೆ ವ್ಯತ್ಯಾಸ ಬಂದರೆ ಅದೇ ನಿಮ್ಮ ಆಧಾರ.
4. ಯಂತ್ರವನ್ನು ಯಾವಾಗ ಸರಿ ನೋಡಿದರೆಂದು ಸಂಘದ ಸಭೆಯಲ್ಲಿ ಕೇಳಿರಿ.
5. ಹಸಿರು ಮೇವಿನೊಂದಿಗೆ ಒಣ ಮೇವು, ಹಿಂಡಿ, ಖನಿಜ ಮಿಶ್ರಣ ಕೊಡಿರಿ. ಕೆಚ್ಚಲು ಬಾವು ಕಂಡ ಕೂಡಲೇ ಪಶುವೈದ್ಯರನ್ನು ಕರೆಯಿರಿ.

ಒಬ್ಬರು ಬೆರೆಸಿದ ನೀರು ಕ್ಯಾನಿನಲ್ಲಿ ಎಲ್ಲರ ಹಾಲನ್ನೂ ಸೇರುತ್ತದೆ. ಸರಿಯಾದ ಪರೀಕ್ಷೆಯು ಕಳ್ಳನನ್ನು ಹಿಡಿಯುವುದಕ್ಕೆ ಎಷ್ಟು ಬೇಕೋ ಕಳ್ಳನಲ್ಲದವನನ್ನು ಕಾಪಾಡುವುದಕ್ಕೂ ಅಷ್ಟೇ ಬೇಕು. ಅದನ್ನು ಕೇಳಿ ಪಡೆಯುವುದು ಹಾಲು ಹಾಕುವ ಪ್ರತಿಯೊಬ್ಬರ ಹಕ್ಕು.